ಸುಬ್ರಮಣಿಯ ಗುಟ್ಟಿನ ಅರ್ಜಿ

ಸುಬ್ರಮಣಿಗೆ ಹಲ್ಲುನೋವು ಇರಲಿಲ್ಲ. ಇದ್ದಿದ್ದರೆ ಆ ಬುಧವಾರ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದು ದಿನದ ರಜೆ, ಮತ್ತು ಆ ರಜೆಗೊಂದು ಕಾರಣ. ಜ್ವರ ಎಂದರೆ ಹಣೆ ಮುಟ್ಟಿ ನೋಡುತ್ತಾರೆ. ನೆಂಟರ ಸಾವು ಎಂದರೆ ಯಾರು, ಯಾವ ಊರು, ಎಷ್ಟು ವಯಸ್ಸು ಎಂದು ಕೇಳುತ್ತಾರೆ. ಹಲ್ಲಾದರೆ ಬಾಯೊಳಗಿರುವ ವಸ್ತು, ಯಾರೂ ಬಗ್ಗಿ ನೋಡುವುದಿಲ್ಲ ಎಂದುಕೊಂಡು ಮಂಗಳವಾರ ಸಂಜೆ ಎಡಗೆನ್ನೆಗೆ ಕೈ ಕೊಟ್ಟು ನಿಂತು, "ನಾಳೆ ಸೇಲಂಗೆ ಓಗಿ ಕೀಳಿಸ್ಕೊಂಡು ಬತ್ತೀನಿ ಮೊದಲಾಳಿ" ಎಂದಿದ್ದ.

ಮೊದಲಾಳಿ ಎಂದರೆ ಮಿಲ್ಲಿನ ಯಜಮಾನರಾದ ಪೊನ್ನುಸ್ವಾಮಿ. ಧರ್ಮಪುರಿ ಕಡೆಯ ಪಾಪಿರೆಡ್ಡಿಪಟ್ಟಿಯಿಂದ ಮೂರು ಕಿಲೋಮೀಟರ್ ಆಚೆ, ಸೇಲಂ ರೋಡಿನಲ್ಲಿ ಅವರದೊಂದು ಸಬ್ಬಕ್ಕಿ ಮಿಲ್ಲು. ಅಲ್ಲಿ ಸುಬ್ರಮಣಿಯದು ತೂಕದ ಕೆಲಸ. ಸಬ್ಬಕ್ಕಿಗೆ ಬೇಕಾದ ಮರಗೆಣಸಿನ ಲಾರಿ ಬಂದು ವೇಬ್ರಿಡ್ಜಿನ ಮೇಲೆ ನಿಂತರೆ ತೂಕ ಬರೆಯಬೇಕು. ಒಂದಿಷ್ಟು ಗೆಣಸನ್ನು ನೀರಿನಲ್ಲಿ ಮುಳುಗಿಸಿ ತೂಗಿ, ಅದರಲ್ಲಿ ಎಷ್ಟು ಹಿಟ್ಟಿದೆ ಎಂದು ಪಾಯಿಂಟು ಹೇಳಬೇಕು. ಪಾಯಿಂಟು ಕಡಿಮೆ ಹೇಳಿದರೆ ರೈತರು ಬೈಯುತ್ತಾರೆ, ಹೆಚ್ಚು ಹೇಳಿದರೆ ಮೊದಲಾಳಿ ಬೈಯುತ್ತಾರೆ. ಸರಿಯಾಗಿ ಹೇಳಿದರೆ ಇಬ್ಬರೂ ಬೈಯುತ್ತಾರೆ. ಹೀಗೆ ಹನ್ನೊಂದು ವರ್ಷ ಕಳೆದಿತ್ತು. ಪಿ.ಎಫ್. ಇರಲಿಲ್ಲ, ಭಾನುವಾರವೆಂಬುದೂ ಇರಲಿಲ್ಲ. ಐದನೇ ಕ್ಲಾಸಿನಲ್ಲಿರುವ ಮಗಳಿಗೆ ಸ್ಕೂಲಿನಲ್ಲಿ ಅಪ್ಪನ ಬಗ್ಗೆ ಹತ್ತು ಸಾಲು ಬರೆಯಲು ಹೇಳಿದಾಗ ಅವಳು ಒಂದೇ ಸಾಲು ಬರೆದಿದ್ದಳು: ನಮ್ಮಪ್ಪ ನಾನು ಮಲಗಿದ ಮೇಲೆ ಬರುತ್ತಾರೆ. ಟೀಚರು ಅದರ ಕೆಳಗೆ ಕೆಂಪು ಇಂಕಿನಲ್ಲಿ ‘ಇನ್ನೂ ಬರೆಯಬೇಕು’ ಎಂದು ಹಾಕಿದ್ದರು.

ಆ ದಿನವೇ ಅವನ ಹೆಂಡತಿ ಮೇನಕಾ, "ಬೇರೆ ಕೆಲಸ ನೋಡು ಮಾವ" ಎಂದಳು. ಮೇನಕಾ ಅವನ ಸೋದರತ್ತೆಯ ಮಗಳು, ಚಿಕ್ಕಂದಿನಿಂದಲೂ ಮಾವ ಎಂದೇ ಕರೆಯುವುದು. ಧರ್ಮಪುರಿಯಲ್ಲಿ ಬಿ.ಕಾಂ. ಓದಿದವಳು.

ನೋಡುವುದೇನೋ ಸರಿ, ಆದರೆ ಗುಟ್ಟಾಗಿ ನೋಡಬೇಕು. ಪೊನ್ನುಸ್ವಾಮಿಗೆ ಎಲ್ಲವನ್ನೂ ತಡೆದುಕೊಳ್ಳಲು ಆಗುತ್ತಿತ್ತು, ಬಿಟ್ಟು ಹೋಗುವವರನ್ನು ಮಾತ್ರ ಆಗುತ್ತಿರಲಿಲ್ಲ. ಹೋದ ವರ್ಷ ಬಾಯ್ಲರಿನ ನಾರಪ್ಪ ಬೇರೊಂದು ಮಿಲ್ಲಿನ ಗೇಟಿನ ಬಳಿ ನಿಂತು ಟೀ ಕುಡಿದ ಎಂಬ ಸುದ್ದಿ ಬಂದ ದಿನವೇ ಅವನನ್ನು ಮನೆಗೆ ಕಳಿಸಿದ್ದರು. ನಾರಪ್ಪ ನಿಜವಾಗಿಯೂ ಟೀ ಕುಡಿಯುವುದಕ್ಕೇ ನಿಂತಿದ್ದ. ಸುತ್ತಲಿನ ಮಿಲ್ಲುಗಳ ಯಜಮಾನರೆಲ್ಲ ದಿನಕ್ಕೆರಡು ಸಲ ಒಬ್ಬರಿಗೊಬ್ಬರು ಫೋನು ಮಾಡುವವರು. ಯಾರನ್ನು ಕೇಳಿದರೂ ಸಂಜೆಯೊಳಗೆ ಪೊನ್ನುಸ್ವಾಮಿಯ ಕಿವಿಗೆ ಬೀಳುತ್ತಿತ್ತು. ಉಳಿದದ್ದು ಇಂಟರ್‌ನೆಟ್ಟು.

ಗಂಡಹೆಂಡಿರು ಕೂತು, ಇದ್ದ ಕೆಲಸಕ್ಕೆ ಸಂಚಕಾರ ಬಾರದ ಹಾಗೆ ಹೊಸ ಕೆಲಸ ಹುಡುಕುವುದು ಹೇಗೆ ಎಂಬ ವಿಡಿಯೋ ಒಂದನ್ನು ಮೂರು ಸಲ ನೋಡಿದರು. ಅದರಲ್ಲಿ ಹೇಳಿದ್ದನ್ನೆಲ್ಲ ಮೇನಕಾ ಅಚ್ಚುಕಟ್ಟಾಗಿ ಮಾಡಿದಳು. ಮಿಲ್ಲಿನ ಕಂಪ್ಯೂಟರನ್ನು ಮುಟ್ಟಬಾರದು ಎಂದಿದ್ದರು, ಹಾಗಾಗಿ ಎಲ್ಲವನ್ನೂ ತನ್ನ ಫೋನಿನಲ್ಲೇ ಮಾಡಿದಳು. ಹೊಸದೊಂದು ಇಮೇಲು ತೆರೆದಳು. ಫೋಟೋ ಹಾಕಲಿಲ್ಲ. ಮಿಲ್ಲಿನ ಹೆಸರಿನ ಜಾಗದಲ್ಲಿ ‘ಒಂದು ಹೆಸರಾಂತ ಕಂಪನಿ’ ಎಂದು ಬರೆದಳು. ಮುಂಗಡ ಹಣ ಕೇಳಿದ ಇಬ್ಬರನ್ನು ಬ್ಲಾಕ್ ಮಾಡಿದಳು. ಮೂರನೇ ವಾರಕ್ಕೆ ಸೇಲಂನ ಒಂದು ಏಜೆನ್ಸಿಯಿಂದ ಬುಧವಾರ ಹನ್ನೊಂದೂವರೆಗೆ ಇಂಟರ್‌ವ್ಯೂಗೆ ಬರಲು ಮೆಸೇಜು ಬಂತು. ಕೆಲಸ ವೇಬ್ರಿಡ್ಜಿನದೇ. ಪಿ.ಎಫ್. ಉಂಟು, ಯೂನಿಫಾರಂ ಉಂಟು, ಕೊರಳಿಗೆ ಹಾಕುವ ಕಾರ್ಡೂ ಉಂಟು. ಕಂಪನಿಯ ಹೆಸರು ಮಾತ್ರ ಇರಲಿಲ್ಲ.

"ಅವ್ರೂ ನಮ್ ಥರಾನೇ ಉಷಾರಾಗವ್ರೆ" ಎಂದಳು ಮೇನಕಾ.

ಬುಧವಾರ ಬೆಳಗ್ಗೆ ಸುಬ್ರಮಣಿ ಬಿಳಿ ಶರ್ಟನ್ನು ಪ್ಯಾಂಟಿನೊಳಕ್ಕೆ ಸೇರಿಸಿ ಬೆಲ್ಟು ಬಿಗಿದು, ಶೂ ಹಾಕಿಕೊಂಡು, ಸರ್ಟಿಫಿಕೇಟುಗಳ ಫೈಲನ್ನು ಚೀಲಕ್ಕೆ ತುರುಕಿ ಹೊರಗೆ ಬಂದರೆ ಪಕ್ಕದ ಮನೆಯ ಸುಗುಣಕ್ಕ ಬಾಗಿಲಲ್ಲೇ ನಿಂತಿದ್ದಳು. ಅವಳೂ ಅದೇ ಮಿಲ್ಲಿನವಳು, ಕಣದಲ್ಲಿ ಸಬ್ಬಕ್ಕಿ ಒಣಗಿಸುವ ಕೆಲಸ. ಕೈಯಲ್ಲಿ ಲವಂಗ ಹಿಡಿದಿದ್ದಳು.

"ನೋಯೋ ಅಲ್ಲಲ್ಲಿ ಇದ್ನ ಕಚ್ಕೊ" ಎಂದವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅಲ್ಲು ಕೀಳಿಸ್ಕೊಳಕ್ಕೆ ಸೂ ಆಕ್ಕೊಂಡು ಓಗ್ತಾರೇನ್ಲಾ?"

"ದೊಡ್ಡ ಡಾಕ್ಟ್ರು ಅಕ್ಕ" ಎಂದ ಸುಬ್ರಮಣಿ.

"ಕೆನ್ನೆ ಊದೇ ಇಲ್ವಲ್ಲ."

"ಒಳಗಡೆ ಊದೈತೆ" ಎಂದು ಮೇನಕಾ ಅಡುಗೆಮನೆಯಿಂದಲೇ ಹೇಳಿದಳು. ಸುಗುಣಕ್ಕ ಒಪ್ಪಿದಂತೆ ಕಾಣಲಿಲ್ಲ. ಅವಳು ನೋಡುತ್ತಿದ್ದದ್ದರಿಂದ ಸುಬ್ರಮಣಿ ಲವಂಗವನ್ನು ಬಾಯಿಗೆ ಹಾಕಿ ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು ಹೊರಟ. ಆ ನೀರು ನೋಡಿ ಅವಳಿಗೆ ಸ್ವಲ್ಪ ನಂಬಿಕೆ ಬಂತು.

ಬಸ್ ಸ್ಟ್ಯಾಂಡಿನಲ್ಲಿ ಸೇಲಂ ಬಸ್ಸು ಇನ್ನೂ ಬಂದಿರಲಿಲ್ಲ. ಬಂದದ್ದು ಪೊನ್ನುಸ್ವಾಮಿಯ ಬಿಳಿ ಕಾರು. ಅದು ಅವನ ಎದುರಿಗೇ ನಿಂತು, ಗಾಜು ಕೆಳಗಿಳಿಯಿತು.

"ಏರಿಕ್ಕಪ್ಪಾ. ನಾನೂ ಸೇಲಂಗೇ. ಮಿಲ್ಲಿನೋರ ಸಂಘದ ಮೀಟಿಂಗ್ ಐತೆ." ಪೊನ್ನುಸ್ವಾಮಿಯ ಮಾತು ತಮಿಳು. ಮನೆಯಲ್ಲಿ ಕನ್ನಡವಾಡುವ ಸುಬ್ರಮಣಿಯಂಥವರ ಜೊತೆ ಅರ್ಧ ಕನ್ನಡ ಬೆರೆಸಿ ಆಡುತ್ತಿದ್ದರು.

"ಬೇಡ ಮೊದಲಾಳಿ, ಬಸ್ಸಲ್ಲೇ..."

"ನೋವಲ್ಲಿ ಬಸ್ಸಾ? ಏರು."

ಹನ್ನೊಂದು ವರ್ಷದಲ್ಲಿ ಆ ಕಾರಿನೊಳಗೆ ಕೂರು ಎಂದವರಲ್ಲ. ಇವತ್ತೇ ಹೇಳಬೇಕಾಗಿತ್ತು. ಸುಬ್ರಮಣಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದರ ಮೇಲೆ ಎರಡು ಕೈಯನ್ನೂ ಹರಡಿ, ಮೊಟ್ಟೆಯ ಮೇಲೆ ಕೂತ ಕೋಳಿಯ ಹಾಗೆ ಕೂತ.

ಮಂಜವಾಡಿ ಘಾಟು ಇನ್ನೂ ದೂರವಿದೆ ಎನ್ನುವಾಗ ಅವನ ಫೋನು ಬಡಿದುಕೊಂಡಿತು. ಏಜೆನ್ಸಿಯ ನಂಬರು. ಎತ್ತದಿದ್ದರೆ ಪೊನ್ನುಸ್ವಾಮಿ ಯಾರೆಂದು ಕೇಳುತ್ತಾರೆ, ಎತ್ತಿದರೆ ಏನು ಮಾತಾಡುವುದು? ಎತ್ತಿದ.

"ಸುಬ್ರಮಣಿಯವರಾ? ಇವತ್ತು ಹನ್ನೊಂದೂವರೆಗೆ ಬರುತ್ತೀರಿ ತಾನೇ?" ಎಂದು ಹೆಂಗಸೊಬ್ಬರು ತಮಿಳಿನಲ್ಲಿ ಕೇಳಿದರು.

"ಬತ್ತೀನಿ ಡಾಕ್ಟ್ರೇ" ಎಂದ ಸುಬ್ರಮಣಿ.

ಡಾಕ್ಟ್ರೇ ಎಂದದ್ದನ್ನು ಅವರು ತಿದ್ದಲಿಲ್ಲ. ಇವನೇನೋ ಮರ್ಯಾದೆಗೆ ಹಾಗೆನ್ನುತ್ತಾನೆ ಎಂದುಕೊಂಡಿರಬೇಕು. "ಎಷ್ಟು ವರ್ಷದಿಂದ ಇದರಲ್ಲಿ ಇದ್ದೀರಿ?"

"ಅನ್ನೊಂದು ವರ್ಸದಿಂದ ಐತೆ ಡಾಕ್ಟ್ರೇ."

"ಈಗ ಯಾಕೆ ಬಿಡಬೇಕು ಅಂತ?"

"ತಡಕೊಳಕ್ಕೆ ಆಗ್ತಿಲ್ಲ. ರಾತ್ರಿ ಅಗಲು ಅದೇ."

"ಸರಿ, ಬನ್ನಿ" ಎಂದು ಅವರು ಫೋನಿಟ್ಟರು.

ಪೊನ್ನುಸ್ವಾಮಿ ಕಾರಿನ ವೇಗ ತಗ್ಗಿಸಿ ಅವನ ಕಡೆ ತಿರುಗಿದರು. ಮುಖದಲ್ಲಿ ಸುಬ್ರಮಣಿ ಯಾವತ್ತೂ ಕಾಣದ ಮರುಕವಿತ್ತು.

"ಅನ್ನೊಂದು ವರ್ಸದ ನೋವಾ? ನನ್ ಮಿಲ್ಲಿಗೆ ಸೇರ್ದಾಗಿಂದ ಇತ್ತಾ?"

"ಊಂ ಮೊದಲಾಳಿ."

"ಒಂದು ದಿವಸಾನೂ ಬಾಯಿ ಬಿಟ್ಟು ಹೇಳಲಿಲ್ಲವಲ್ಲಪ್ಪಾ ನೀನು." ಘಾಟು ಇಳಿದ ಮೇಲೆ, "ಆ ಡಾಕ್ಟ್ರು ಬೇಡ. ನೋವು ಎಷ್ಟು ದಿನದ್ದು ಅಂತ ಫೋನಲ್ಲೇ ಕೇಳೋನು ಎಂಥ ಡಾಕ್ಟ್ರು. ನಮ್ ಮನೆಯವರಿಗೆ ನೋಡೋ ಡಾಕ್ಟ್ರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ" ಎಂದರು.

ಸುಬ್ರಮಣಿ ಬೇಡವೆನ್ನಲು ಆರು ಕಾರಣ ಹೇಳಿದ. ಒಂದೊಂದು ಕಾರಣ ಹೇಳಿದಂತೆಯೂ ಪೊನ್ನುಸ್ವಾಮಿಯ ಕರುಣೆ ಹೆಚ್ಚುತ್ತಾ ಹೋಯಿತು.

ಹತ್ತು ಗಂಟೆಗೆ ಅವನು ಡಾಕ್ಟರ ಕುರ್ಚಿಯಲ್ಲಿ ಮಲಗಿದ್ದ. ತಲೆಯ ಮೇಲೆ ದೊಡ್ಡ ದೀಪ. ಬಾಗಿಲ ಬಳಿ ಸ್ಟೂಲಿನ ಮೇಲೆ ಪೊನ್ನುಸ್ವಾಮಿ. ಯಾವ ಹಲ್ಲು ಎಂದು ಡಾಕ್ಟರು ಕೇಳಿದರು. ಸುಬ್ರಮಣಿ ನಾಲಗೆಯಲ್ಲೇ ಹುಡುಕಿ, ಇದ್ದುದರಲ್ಲಿ ಹಿಂದಕ್ಕಿದ್ದ, ಹೋದರೂ ಯಾರಿಗೂ ಕಾಣದ ಒಂದನ್ನು ತೋರಿಸಿದ. ಡಾಕ್ಟರು ತಟ್ಟಿದರು, ಎಕ್ಸ್‌ರೇ ತೆಗೆದರು, ಅದನ್ನು ಬೆಳಕಿಗೆ ಹಿಡಿದು ನೋಡಿದರು. ಏನೂ ಇಲ್ಲ, ಎದ್ದು ಹೋಗು ಎನ್ನುತ್ತಾರೆ ಎಂದು ಸುಬ್ರಮಣಿ ಕಾದ.

"ಬುದ್ಧಿಹಲ್ಲು ಅಡ್ಡ ಬೆಳೆದಿದೆ" ಎಂದರು ಡಾಕ್ಟರು. "ಇಷ್ಟು ದಿನ ಹೇಗೆ ಸುಮ್ಮನಿದ್ದಿರೋ. ನೋವು ಇದ್ದರೆ ತೆಗೆಯೋದೇ ಒಳ್ಳೆಯದು. ನೋವು ಇದೆಯಾ?"

ಈಗ ಇಲ್ಲ ಎಂದರೆ ಎಲ್ಲವೂ ಮುಗಿಯಿತು. ಹಲ್ಲು ಉಳಿಯುತ್ತದೆ, ಕೆಲಸ ಹೋಗುತ್ತದೆ. ಸುಬ್ರಮಣಿ ಪೊನ್ನುಸ್ವಾಮಿಯ ಕಡೆ ನೋಡಿದ. ಅವರು ಧೈರ್ಯವಾಗಿರು ಎಂಬಂತೆ ಕೈ ಎತ್ತಿದರು.

"ಐತೆ" ಎಂದ ಸುಬ್ರಮಣಿ.

ಒಣನೆಲದಿಂದ ಮರಗೆಣಸು ಕೀಳುವಷ್ಟೇ ಶ್ರಮವಾಯಿತು. ಕೆಲಸ ಮುಗಿದಾಗ ಎಡಗೆನ್ನೆ ಯಾರದೋ ಬೇರೆಯವರದು ಎಂಬಂತೆ ಮರಗಟ್ಟಿ, ಬಾಯಲ್ಲಿ ಹತ್ತಿಯ ಉಂಡೆ ಕೂತಿತ್ತು. ಒಂದು ಗಂಟೆ ಮಾತಾಡಬಾರದು ಎಂದು ಡಾಕ್ಟರು ಹೇಳಿದರು. ಪೊನ್ನುಸ್ವಾಮಿಯೇ ಬಿಲ್ ಕೊಟ್ಟು, ಮಾತ್ರೆಯನ್ನೂ ತಂದುಕೊಟ್ಟು, "ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ಕೋ. ಮನೆಗೆ ಹೋಗಿ ಮಲಗು. ನಾಳೆ ನಿಧಾನಕ್ಕೆ ಏಳೂವರೆಗೆ ಬಂದರೆ ಸಾಕು" ಎಂದರು. ದಿನಾ ಅವನು ಬರಬೇಕಾದದ್ದು ಏಳಕ್ಕೆ. ಅರ್ಧ ಗಂಟೆ ಬಿಟ್ಟುಕೊಟ್ಟಿದ್ದರು. ಸುಬ್ರಮಣಿ ಕಾರು ಮರೆಯಾಗುವವರೆಗೂ ನಿಂತಿದ್ದು, ಮರೆಯಾದ ಕೂಡಲೇ ಆಟೋ ಹತ್ತಿದ.

ಏಜೆನ್ಸಿ ಐದು ರೋಡು ಎಂಬ ಸರ್ಕಲ್ಲಿನ ಹತ್ತಿರ ಒಂದು ಬಟ್ಟೆ ಅಂಗಡಿಯ ಮೇಲಿತ್ತು. ಫೋನಿನಲ್ಲಿ ಮಾತಾಡಿದ್ದ ಮೇಡಂ ಮೇಜಿನ ಹಿಂದೆ ಕೂತಿದ್ದರು. ಸುಬ್ರಮಣಿ ಫೈಲನ್ನು ಮುಂದಿಟ್ಟು, ಕೆನ್ನೆ ತೋರಿಸಿ, ಕೈಯಾಡಿಸಿದ.

"ಮಾತಾಡಕ್ಕೆ ಆಗಲ್ವಾ? ಓ, ಅದಕ್ಕೇ ಡಾಕ್ಟ್ರೇ ಡಾಕ್ಟ್ರೇ ಅಂತಿದ್ರಾ?" ಎಂದು ಅವರೇ ಅರ್ಥ ಮಾಡಿಕೊಂಡರು. "ಪರವಾಗಿಲ್ಲ, ತಲೆ ಆಡಿಸಿ. ವೇಬ್ರಿಡ್ಜ್ ಸಾಫ್ಟ್‌ವೇರ್ ಗೊತ್ತಾ?"

ಸುಬ್ರಮಣಿ ತಲೆಯಾಡಿಸಿದ.

"ಪಾಯಿಂಟು ನೋಡೋದು?"

ತಲೆಯಾಡಿಸಿದ.

"ಈಗಿರುವ ಮಿಲ್ಲಿನ ಹೆಸರು ಹಾಕಿಲ್ಲ. ಹೇಳೋದು ಬೇಡ್ವಾ?"

ಬೇಡ ಎಂದು ಅಡ್ಡಡ್ಡ ಆಡಿಸಿದ.

"ಒಳ್ಳೇದು. ನಾವೂ ನಮ್ಮ ಕಂಪನಿಗಳ ಹೆಸರು ಮೊದಲೇ ಹೇಳಲ್ಲ. ಈಗಿನ ಯಜಮಾನರ ಮೇಲೆ ಏನಾದರೂ ದೂರು?"

ಸುಬ್ರಮಣಿಗೆ ಹನ್ನೊಂದು ವರ್ಷದ ದೂರುಗಳಿದ್ದವು. ಮೇನಕಾ ಅವನ್ನೆಲ್ಲ ಹೇಗೆ ಮೃದುವಾಗಿ ಹೇಳಬೇಕೆಂದು ಎರಡು ದಿನ ಕಲಿಸಿಯೂ ಇದ್ದಳು. ಹತ್ತಿಯ ಉಂಡೆ ಒಂದನ್ನೂ ಹೊರಗೆ ಬಿಡಲಿಲ್ಲ.

ಮೇಡಂ ಪೆನ್ನು ಕೆಳಗಿಟ್ಟರು. "ಬೆಳಗ್ಗೆಯಿಂದ ನಾಲ್ಕು ಜನ ಬಂದರು. ನಾಲ್ಕೂ ಜನ ಅರ್ಧರ್ಧ ಗಂಟೆ ಅವರವರ ಯಜಮಾನರನ್ನ ಬೈದು ಹೋದರು. ನೀವು ಒಂದು ಮಾತೂ ಆಡಲಿಲ್ಲ. ನಮಗೆ ಇಂಥವರೇ ಬೇಕು" ಎಂದರು.

ಅಷ್ಟಕ್ಕೇ ಆಯ್ಕೆ ಮುಗಿಯಿತು. ಸಂಬಳ ಈಗಿನದಕ್ಕಿಂತ ಸ್ವಲ್ಪ ಹೆಚ್ಚು. ಕೆಲಸ ಏಜೆನ್ಸಿಯ ಹೆಸರಿನಲ್ಲಿ, ಅವರು ಕಳಿಸಿದ ಮಿಲ್ಲಿನಲ್ಲಿ ಮಾಡಬೇಕು. ಎಲ್ಲಿ ಜಾಗ ಖಾಲಿಯಾಗುತ್ತದೋ ಅಲ್ಲಿ. ಅದು ಇವತ್ತೇ ಆಗಬಹುದು, ಹದಿನೈದು ದಿನವೂ ಆಗಬಹುದು. ಒಂದು ವರ್ಷ ಬಿಟ್ಟು ಹೋಗುವಂತಿಲ್ಲ, ಅಲ್ಲಿಯವರೆಗೆ ಸರ್ಟಿಫಿಕೇಟುಗಳ ಅಸಲು ಏಜೆನ್ಸಿಯಲ್ಲೇ ಇರುತ್ತದೆ. ಸುಬ್ರಮಣಿ ತೋರಿಸಿದ ಕಡೆಯೆಲ್ಲ ಸಹಿ ಹಾಕಿದ.

"ಇನ್ನೊಂದು. ಹಳೇ ಕೆಲಸ ಬಿಟ್ಟಿದ್ದಕ್ಕೆ ಪ್ರೂಫ್ ಬೇಕು. ಇವತ್ತೇ ಕೊಟ್ಟರೆ ಇವತ್ತೇ ನಿಮ್ಮ ಹೆಸರು ಪಟ್ಟಿಯಲ್ಲಿ ಮೊದಲು ಬರುತ್ತೆ."

ರಾಜೀನಾಮೆಯನ್ನು ಮೇನಕಾ ಆಗಲೇ ಇಂಗ್ಲಿಷಿನಲ್ಲಿ ಟೈಪು ಮಾಡಿ ಅವನ ಫೋನಿನಲ್ಲಿ ಇಟ್ಟಿದ್ದಳು. ಅದರಲ್ಲೂ ಮಿಲ್ಲಿನ ಹೆಸರು ಬಾರದ ಹಾಗೆ ನೋಡಿಕೊಂಡಿದ್ದಳು. ಸುಬ್ರಮಣಿ ಮೆಟ್ಟಿಲ ಮೇಲೆ ಕೂತು, ಬೆರಳನ್ನು ಎರಡು ಸಲ ಹಿಂದಕ್ಕೆ ತೆಗೆದು, ಮೂರನೆಯ ಸಲ ಮೊದಲಾಳಿಗೆ ಕಳಿಸಿಬಿಟ್ಟ. ಹಣ ಕೊಟ್ಟು ಹಲ್ಲು ಕೀಳಿಸಿದವರಿಗೆ ಎರಡು ಗಂಟೆಯೊಳಗೆ ರಾಜೀನಾಮೆ ಕೊಡುವುದು ಯಾರಿಗಾದರೂ ಕಷ್ಟವೇ. ಕಳಿಸಿದ್ದನ್ನು ಮೇಡಮ್ಮಿಗೆ ತೋರಿಸಿ ಕೆಳಗಿಳಿದ.

ಪೊನ್ನುಸ್ವಾಮಿಯ ಫೋನು ಬಂದಾಗ ಬಸ್ಸು ಅಯೋಧ್ಯಾಪಟ್ಟಣಂ ದಾಟಿತ್ತು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಾಗಿತ್ತು.

"ನನ್ ಕೈಯಲ್ಲೇ ಅಲ್ಲು ಕೀಳಿಸ್ಕೊಂಡು, ನನಗೇ ಲೆಟ್ರು ಕಳಿಸ್ತೀಯಾ? ನಾಳೆ ಹದಿನಾಲ್ಕು ಲೋಡು ಬರುತ್ತೆ. ಯಾರು ತೂಗೋದು?"

ಸುಬ್ರಮಣಿ ಹತ್ತಿಯ ಹಿಂದಿನಿಂದ ಏನೋ ಹೇಳಿದ. ಅದು ಅವನಿಗೇ ತಿಳಿಯಲಿಲ್ಲ.

"ಇನ್ನು ನನ್ನ ಗೇಟ್ ಒಳಗೆ ಕಾಲಿಡಬೇಡ" ಎಂದರು ಪೊನ್ನುಸ್ವಾಮಿ. ಮುಂದಿನ ಮಾತು ಬರುವಷ್ಟರಲ್ಲಿ ಬಸ್ಸು ಘಾಟು ಹತ್ತಿತು, ಸಿಗ್ನಲ್ ಹೋಯಿತು. ತಿರುವು ತಿರುವಿಗೂ ಸುಬ್ರಮಣಿ ಒಂದು ಸಲ ಹಗುರಾದ, ಒಂದು ಸಲ ಭಾರವಾದ. ಮೇಲೆ ಬಂದಾಗ ಅವನು ನೆನೆಯುತ್ತಿದ್ದದ್ದು ಭಾನುವಾರವನ್ನು. ಮಗಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂದು ಯೋಚಿಸುತ್ತಾ, ಹೊಗೇನಕಲ್ಲಿಗೇ ಹೋಗುವುದೆಂದು ನಿರ್ಧರಿಸಿದ.

ಸಂಜೆ ಐದೂವರೆಗೆ ಮಿಲ್ಲಿನಿಂದ ಬಂದ ಸುಗುಣಕ್ಕ ತನ್ನ ಮನೆಗೆ ಹೋಗದೆ ನೇರವಾಗಿ ಇವರ ಮನೆಗೆ ಬಂದಳು.

"ನಾನು ಬೆಳಗ್ಗೇನೇ ಅಂದ್ಕೊಂಡೆ. ಅಲ್ಲು ಕೀಳಿಸ್ಕೊಳಕ್ಕೆ ಯಾವನು ಬೆಲ್ಟ್ ಆಕ್ತಾನೆ" ಎಂದು ಗೋಡೆಗೊರಗಿ ಕೂತಳು. "ನೀನು ಬಿಟ್ಟಿದ್ದು ಮಿಲ್ಲಲ್ಲೆಲ್ಲಾ ಗೊತ್ತಾಗೈತೆ. ಮದ್ಯಾನ ಆರು ಲಾರಿ ನಿಂತ್ಕೊಂಡ್ಬಿಟ್ವು. ಮ್ಯಾನೇಜರು ರಾಜಗೋಪಾಲು ತಾನೇ ತೂಗ್ತೀನಿ ಅಂತ ಕೂತ್ಕೊಂಡು, ಖಾಲಿ ಲಾರಿಗೆ ಪಾಯಿಂಟು ಬರ್ದವ್ನೆ."

ಸುಬ್ರಮಣಿಗೆ ನಗು ಬಂತು. ಮರಗಟ್ಟಿದ್ದು ಬಿಟ್ಟು ನೋವೂ ಬಂತು. ಹನ್ನೊಂದು ವರ್ಷಕ್ಕೆ ಮೊದಲ ಸಲ ತನ್ನ ಕೆಲಸಕ್ಕೊಂದು ಬೆಲೆಯಿತ್ತು ಎಂದು ಅವನಿಗೆ ಅನ್ನಿಸಿತು.

"ಮೊದಲಾಳಿ ಏನಂದ್ರು?"

"ಕುಣಿದಾಡ್ಬಿಟ್ರು. ಆಮ್ಯಾಕೆ ಯಾರ್ಯಾರಿಗೋ ಪೋನ್ ಮಾಡುದ್ರು. ಈಗ ಸುಮ್ಕಾಗವ್ರೆ" ಎಂದು ಸುಗುಣಕ್ಕ ಎದ್ದು ಹೋದಳು.

ಆಗಲೇ ಮೇನಕಾಳ ಫೋನು ಟಣ್ ಎಂದಿತು. ಹೊಸ ಇಮೇಲಿಗೆ ಏಜೆನ್ಸಿಯ ಕಾಗದ ಬಂದಿತ್ತು. ಅವಳು ದೀಪದ ಕೆಳಗೆ ನಿಂತು ಇಂಗ್ಲಿಷನ್ನು ಕನ್ನಡ ಮಾಡುತ್ತಾ ಓದಿದಳು.

"ಜಾಗ ಸಿಕ್ಕೈತೆ ಮಾವ. ನಾಳೆನೇ ಸೇರ್ಬೇಕಂತೆ. ಬೆಳಗ್ಗೆ ಏಳು ಗಂಟೆ. ಯೂನಿಫಾರಂ ಅಲ್ಲೇ ಕೊಡ್ತಾರಂತೆ."

"ಬಾನುವಾರ?"

"ವಾರದ ರಜೆ... ಆ ಮಿಲ್ಲಿನೋರು ಎಂಗೆ ಏಳ್ತಾರೋ ಅಂಗೆ, ಅಂತ ಐತೆ." ಅವಳು ಕೆಳಕ್ಕೆ ಸರಿಸಿದಳು. "ನಮ್ ತಾಲ್ಲೂಕೇ. ಪಾಪಿರೆಡ್ಡಿಪಟ್ಟಿ ಅಂತಾನೇ ಆಕವ್ರೆ."

"ಒಳ್ಳೇದೇ ಆಯ್ತು. ಬಸ್ ಚಾರ್ಜು ಉಳೀತು" ಎಂದ ಸುಬ್ರಮಣಿ. ತಾಲ್ಲೂಕಿನಲ್ಲಿ ಮಿಲ್ಲುಗಳು ಹಲವು ಇದ್ದವು. ಅವನು ಮನಸ್ಸಿನಲ್ಲೇ ಒಂದೊಂದನ್ನೂ ಸುತ್ತಿ ಬರುತ್ತಿದ್ದ. ಮೇನಕಾ ಮಾತ್ರ ಓದುವುದನ್ನು ನಿಲ್ಲಿಸಿದ್ದಳು. ಮತ್ತೊಂದು ಸಲ ಓದಿದಳು. ಆಮೇಲೆ ಫೋನನ್ನು ಅವನ ಕೈಗೆ ಕೊಟ್ಟಳು.

ಸುಬ್ರಮಣಿಗೆ ಇಂಗ್ಲಿಷು ಅಷ್ಟಾಗಿ ಬರುತ್ತಿರಲಿಲ್ಲ. ಆದರೆ ಆ ಮಿಲ್ಲಿನ ಹೆಸರನ್ನು ಅವನು ಹನ್ನೊಂದು ವರ್ಷದಿಂದ ದಿನಕ್ಕೆ ಇಪ್ಪತ್ತು ತೂಕದ ಚೀಟಿಯ ಮೇಲೆ ಓದಿದ್ದ. ಆ ದಿನ ತಾಲ್ಲೂಕಿನಲ್ಲಿ ಖಾಲಿಯಾದದ್ದು ಒಂದೇ ಒಂದು ಕುರ್ಚಿ. ಅದನ್ನು ಮಧ್ಯಾಹ್ನ ಅವನೇ ಮೆಟ್ಟಿಲ ಮೇಲೆ ಕೂತು ಖಾಲಿ ಮಾಡಿದ್ದ.

ಮೇನಕಾ, "ಒಂದು ವರ್ಸಕ್ಕೆ ಸೈನ್ ಆಕಿದ್ದೀಯಲ್ಲ ಮಾವ" ಎಂದು ಮೆಲ್ಲಗೆ ಕೇಳಿದಳು. ಸುಬ್ರಮಣಿ ಉತ್ತರ ಕೊಡುವ ಮೊದಲೇ ಅವನ ಫೋನು ಬಡಿದುಕೊಂಡಿತು. ಪೊನ್ನುಸ್ವಾಮಿ.

"ನೋವು ಹೇಗಿದೆಯಪ್ಪಾ?" ಸ್ವರ ತಣ್ಣಗಿತ್ತು. "ಮಧ್ಯಾಹ್ನ ಕೋಪದಲ್ಲಿ ಏನೋ ಅಂದೆ. ಮನಸ್ಸಲ್ಲಿ ಇಟ್ಕೋಬೇಡ. ಹೋಗೋನು ಹೋಗು, ಚೆನ್ನಾಗಿರು. ನನಗೆ ಒಂದೇ ಒಂದು ಸಹಾಯ ಮಾಡು."

"ಏಳಿ ಮೊದಲಾಳಿ."

"ಏಜೆನ್ಸಿಯಿಂದ ಹೊಸ ಆಳು ಬರ್ತಾನೆ. ಹೆಸರು ಹೇಳಲಿಲ್ಲ, ಅದೇನೋ ಗುಟ್ಟಂತೆ. ಒಳ್ಳೇ ಅನುಭವ ಇದೆ, ಬಾಯೇ ಬಿಡಲ್ಲ ಅಂದ್ರು. ಆದ್ರೂ ನಮ್ಮ ಮಿಲ್ಲಿನ ರೀತಿ ಅವನಿಗೆ ಏನ್ ಗೊತ್ತು? ನಾಳೆ ಒಂದು ದಿವಸ ಬಂದು ಅವನಿಗೆ ಎಲ್ಲಾ ಕಲಿಸಿಕೊಟ್ಟು ಹೋಗು. ಭಾನುವಾರ ರಜೆ ಗಿಜೆ ಕೇಳ್ಬಾರದು ಅಂತ ನೀನೇ ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿಬಿಡು. ನೀನು ಹೇಳಿದ್ರೆ ಕೇಳ್ತಾನೆ."

ಸುಬ್ರಮಣಿ ಉತ್ತರ ಹೇಳಿ ಫೋನಿಟ್ಟ.

"ಏನಂತೆ?" ಎಂದಳು ಮೇನಕಾ.

"ಒಸಬನಿಗೆ ಕೆಲ್ಸ ಕಲಿಸ್ಕೊಡ್ಬೇಕಂತೆ."

"ನೀನೇನಂದೆ?"

"ಏಳು ಗಂಟೆಗೆ ಇಬ್ರೂ ಬತ್ತೀವಿ ಅಂದೆ."